ಹಿಮ್ಮೇಳದ ನಾಲ್ಕು ತಂತಿಗಳು

(ಉಪನ್ಯಾಸದ ಪಠ್ಯ)



ನಾಲ್ಕು ತಂತಿ ಎಂದೊಡನೆ ಕನ್ನಡಿಗರಿಗೆ ಬೇಂದ್ರೆಯವರು ನೆನಪಾಗುವುದು ಸಹಜ. ಇಂದು ಹೇಳಹೊರಟಿರುವುದು ಬೇರೊಂದು ನಾಲ್ಕು ತಂತಿಯ ಕತೆ.

ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಎಲ್ಲರ ಕಣ್ಣು ಗಾಯಕ ಗಾಯಕಿಯರ ಮೇಲೆ. ಕೀಬೋರ್ಡ್ ನುಡಿಸುವವರಿಗೆ, ಡ್ರಮ್ಸ್ ಬಾರಿಸುವವರಿಗೆ ಆಗಾಗ ಚಪ್ಪಾಳೆ ಬೀಳುವುದುಂಟು. ಡ್ರಮ್ಸ್ ಪಕ್ಕದಲ್ಲಿ ಉದ್ದ ಕುತ್ತಿಗೆಯ ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡು ನಿಂತವನತ್ತ ನೋಡುವವರು ಕಡಿಮೆ. ‘ಅದೂ ಒಂದು ಗಿಟಾರ್ ತಾನೇ’ ಎನ್ನುವವರೇ ಹೆಚ್ಚು. ಆದರೆ ಆತ ಹಾಡಿನ ನಡುವೆ ಕೈ ನಿಲ್ಲಿಸಿದರೆ ಹಾಡು ನೆಲಬಿಟ್ಟು ತೇಲಿದಂತಾಗುತ್ತದೆ. ಏನೋ ತಪ್ಪಿತು ಎಂದು ಎಲ್ಲರಿಗೂ ಅನ್ನಿಸುತ್ತದೆ, ತಪ್ಪಿದ್ದು ಏನೆಂದು ಹೇಳಲು ಬಾರದು. ತಪ್ಪಿದ್ದು ಬೇಸ್ ಗಿಟಾರ್.

ಈ ವಾದ್ಯ ಮಾಡುವ ಕೆಲಸವೇನು, ಅದನ್ನು ನುಡಿಸಿ ಹೊಟ್ಟೆ ಹೊರೆಯುವವರ ಬದುಕು ಎಂಥದು, ಅವರ ಹೆಸರು ಅಚ್ಚಾಗುವುದು ಏಕೆ ಮುಖ್ಯ ಎಂಬುದನ್ನು ಅರಿಯಲು ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ಅವರ ಬಾಳು ಒಳ್ಳೆಯ ನಿದರ್ಶನ.

ವಾದ್ಯ ಹುಟ್ಟಿದ ಬಗೆ

ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ತಗ್ಗು ಸ್ವರದ ಹೊಣೆ ಹಿಂದೆ ಡಬಲ್ ಬೇಸ್‌ನದಾಗಿತ್ತು. ಆಳೆತ್ತರದ ಪಿಟೀಲು ಎನ್ನಬಹುದಾದ ಈ ವಾದ್ಯವನ್ನು ಸಾಮಾನ್ಯವಾಗಿ ನಿಂತುಕೊಂಡೇ ನುಡಿಸುತ್ತಾರೆ. ಊರಿಂದೂರಿಗೆ ಸಾಗಿಸಲು ಕಾರಿನ ಮಾಳಿಗೆಗೆ ಕಟ್ಟಬೇಕು. ಇಷ್ಟೆಲ್ಲ ಪಾಡುಪಟ್ಟು ತಂದರೂ ಡ್ರಮ್ಸ್ ಮತ್ತು ತುತ್ತೂರಿಗಳ ಅಬ್ಬರದ ನಡುವೆ ಅದರ ದನಿ ಹಿಂದಿನ ಸಾಲಿಗೆ ತಲಪುತ್ತಿರಲಿಲ್ಲ.

1930ರ ದಶಕದಲ್ಲಿಯೇ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಅಡ್ಡಲಾಗಿ ಹಿಡಿದು ನುಡಿಸುವ ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದರು. ಅದು ಹೆಚ್ಚು ಜನರ ಕೈ ಸೇರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಮ್ಮ ‘ಪ್ರಿಸಿಷನ್ ಬೇಸ್’ ಅನ್ನು ಮಾರುಕಟ್ಟೆಗೆ ತಂದರು. ಡಬಲ್ ಬೇಸ್‌ನ ಕುತ್ತಿಗೆಯಲ್ಲಿ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. ಫೆಂಡರ್ ವಾದ್ಯದಲ್ಲಿ ವೀಣೆಯಂತೆ ಮೆಟ್ಟಿಲುಗಳಿದ್ದವು. ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂಬುದನ್ನು ಸೂಚಿಸಲೆಂದೇ ಆ ಹೆಸರು. ತಂತಿಯ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಅದನ್ನು ಆಂಪ್ಲಿಫಯರ್ ದೊಡ್ಡದು ಮಾಡುತ್ತದೆ.

ಸಾಮಾನ್ಯ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್‌ನದು ಸುಮಾರು 41 ಸಲ ಕಂಪಿಸುತ್ತದೆ. ಅಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಇಷ್ಟು ತಗ್ಗಿನ ಸ್ವರ ಹೊರಡಬೇಕಾದರೆ ತಂತಿ ಉದ್ದವಾಗಿಯೂ ಭಾರವಾಗಿಯೂ ಇರಬೇಕು. ಅದಕ್ಕೇ 34 ಅಂಗುಲದ ತಂತಿ, ಅದಕ್ಕೇ ಉಕ್ಕಿನ ಎಳೆಯ ಮೇಲೆ ಸುತ್ತಿದ ಲೋಹದ ಹೊದಿಕೆ.

ಕೆಳಗಿನ ಸ್ವರದ ಮಹಿಮೆ

ನಮ್ಮ ಕಛೇರಿಗಳಲ್ಲಿ ಆಧಾರಶ್ರುತಿಯನ್ನು ತಂಬೂರಿ ಹಿಡಿದಿಡುತ್ತದೆ, ತಾಳದ ನಡೆಯನ್ನು ಮೃದಂಗ ನೋಡಿಕೊಳ್ಳುತ್ತದೆ. ಕಛೇರಿ ಮುಗಿಯುವ ತನಕ ಷಡ್ಜ ಕದಲುವುದಿಲ್ಲ. ಪಾಶ್ಚಾತ್ಯ ಗೀತೆಗಳಲ್ಲಿ ಹಾಗಲ್ಲ, ಹಾಡು ಸಾಗಿದಂತೆ ಆಧಾರವೂ ಸ್ಥಳ ಬದಲಿಸುತ್ತದೆ. ಈ ಗಳಿಗೆಯಲ್ಲಿ ಹಾಡು ಯಾವ ಸ್ವರದ ಮೇಲೆ ನಿಂತಿದೆ ಎಂದು ತಿಳಿಸುವುದು ಬೇಸ್‌ನ ಕೆಲಸ. ಡ್ರಮ್ಸ್‌ನ ಪೆಟ್ಟಿಗೆ ಹೊಂದಿಕೊಂಡು ನಡೆಯನ್ನು ಕಾಯುವುದೂ ಅದರದೇ ಕೆಲಸ. ತಂಬೂರಿಯ ಹೊಣೆಯನ್ನೂ ಮೃದಂಗದ ಹೊಣೆಯನ್ನೂ ಒಬ್ಬನೇ ಹೊತ್ತಂತೆ.

ಒಂದು ಸಣ್ಣ ಪ್ರಯೋಗದಿಂದ ಇದನ್ನು ತಿಳಿಯಬಹುದು. ಹಾರ್ಮೋನಿಯಂ ಮೇಲೆ ಸ, ಅಂತರ ಗಾಂಧಾರ, ಪ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಅವುಗಳ ಕೆಳಗೆ ಮಂದ್ರ ಷಡ್ಜವನ್ನು ಒತ್ತಿದರೆ ಬೆಳಗಿನ ಬಿಸಿಲಿನಂಥ ಪ್ರಸನ್ನತೆ. ಮೇಲಿನ ಬೆರಳುಗಳನ್ನು ಕದಲಿಸದೆ, ಕೆಳಗೆ ಷಡ್ಜದ ಬದಲು ಮಂದ್ರದ ಚತುಶ್ರುತಿ ಧೈವತವನ್ನು ಒತ್ತಿ ನೋಡಿ. ಅವೇ ಮೂರು ಸ್ವರಗಳಲ್ಲಿ ಈಗ ಒಂದು ಬಗೆಯ ವಿಷಾದ. ಹಾಡುವವರು ಏನೂ ಬದಲಿಸಲಿಲ್ಲ. ಬದಲಿಸಿದ್ದು ಕೆಳಗಿದ್ದವರು.

ಹಾವಿನ ಗುಂಡಿಯ ವಾದಕ

ಜೇಮ್ಸ್ ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪದಲ್ಲಿ. ದಕ್ಷಿಣದ ಕಪ್ಪು ಜನರು ಕೆಲಸ ಅರಸಿ ಉತ್ತರದ ಕಾರ್ಖಾನೆ ನಗರಗಳಿಗೆ ಗುಳೆ ಹೋಗುತ್ತಿದ್ದ ಕಾಲ ಅದು. ತಾಯಿಯ ಹಿಂದೆ 1954ರಲ್ಲಿ ಡೆಟ್ರಾಯಿಟ್‌ಗೆ ಬಂದ ಹುಡುಗ ಅಲ್ಲಿನ ಶಾಲೆಯಲ್ಲಿ ಡಬಲ್ ಬೇಸ್ ಕಲಿತ. ಓದು ಮುಗಿಯುವ ಹೊತ್ತಿಗೆ ನಗರದ ಜಾಝ್ ಮತ್ತು ಬ್ಲೂಸ್ ಕ್ಲಬ್ಬುಗಳಲ್ಲಿ ನುಡಿಸತೊಡಗಿದ್ದ.

1959ರಲ್ಲಿ ಅದೇ ನಗರದ ಬೆರಿ ಗಾರ್ಡಿ ಎಂಬ ಗೀತರಚನಕಾರ, ಹಿಂದೆ ಕಾರು ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ದುಡಿದಿದ್ದಾತ, ಮನೆಯವರಿಂದ 800 ಡಾಲರ್ ಸಾಲ ಪಡೆದು ಧ್ವನಿಮುದ್ರಣ ಸಂಸ್ಥೆ ಆರಂಭಿಸಿದರು. ‘ಮೋಟಾರ್ ಟೌನ್’ ಎಂಬ ಊರಿನ ಅಡ್ಡಹೆಸರೇ ಕುಗ್ಗಿ ‘ಮೋಟೌನ್’ ಆಯಿತು. ವೆಸ್ಟ್ ಗ್ರ್ಯಾಂಡ್ ಬುಲವಾರ್ಡ್ ರಸ್ತೆಯ ಒಂದು ಸಾಧಾರಣ ಮನೆಯೇ ಕಚೇರಿ, ಅದರ ಹಿಂಭಾಗವೇ ಸ್ಟುಡಿಯೋ. ಎಲ್ಲೆಂದರಲ್ಲಿ ತೂಗುತ್ತಿದ್ದ ವೈರುಗಳಿಂದಾಗಿ ವಾದಕರು ಆ ಕೋಣೆಗೆ ‘ಹಾವಿನ ಗುಂಡಿ’ ಎಂದು ಹೆಸರಿಟ್ಟರು. ಹಗಲು ರಾತ್ರಿ ಎನ್ನದೆ ಅಲ್ಲಿ ಕೆಲಸ ಸಾಗುತ್ತಿತ್ತು. ಡ್ರಮ್ಸ್‌ಗೆ ಬೆನ್ನಿ ಬೆಂಜಮಿನ್, ಪಿಯಾನೋಗೆ ಅರ್ಲ್ ವ್ಯಾನ್ ಡೈಕ್, ಗಿಟಾರ್‌ಗೆ ರಾಬರ್ಟ್ ವೈಟ್, ಎಡ್ಡಿ ವಿಲಿಸ್, ಜೋ ಮೆಸ್ಸಿನಾ. ‘ಫಂಕ್ ಬ್ರದರ್ಸ್’ ಎಂದು ತಮ್ಮನ್ನು ಕರೆದುಕೊಂಡ ಈ ತಂಡದ ಬೇಸ್ ವಾದಕರಾದರು ಜೇಮರ್ಸನ್.

ಅದುವರೆಗೆ ಜನಪ್ರಿಯ ಗೀತೆಗಳಲ್ಲಿ ಬೇಸ್ ಬಹುಮಟ್ಟಿಗೆ ಸ ಮತ್ತು ಪ ಸ್ವರಗಳ ನಡುವೆ ಗಡಿಯಾರದಂತೆ ಆಡುತ್ತಿತ್ತು. ಜೇಮರ್ಸನ್ ಜಾಝ್‌ನಿಂದ ಕಲಿತದ್ದನ್ನು ಮೂರು ನಿಮಿಷದ ಗೀತೆಗಳಿಗೆ ತಂದರು. ಎರಡು ಸ್ವರಗಳ ನಡುವಣ ಅರೆಸ್ವರಗಳನ್ನು ಮುಟ್ಟುತ್ತ ಸಾಗುವುದು, ತಾಳದ ಪೆಟ್ಟು ಬೀಳುವಲ್ಲಿ ಸುಮ್ಮನಿದ್ದು ಅದರ ಹಿಂದೆಯೋ ಮುಂದೆಯೋ ಸ್ವರವನ್ನು ಇಡುವುದು, ಗಾಯಕರು ಉಸಿರೆಳೆದುಕೊಳ್ಳುವ ಕಡೆ ಒಂದು ಸಣ್ಣ ಮಾತಾಡುವುದು, ಇವೆಲ್ಲ ಅವರ ಬೇಸ್‌ನಲ್ಲಿ ಬಂದವು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಗೀತೆ ಆರಂಭವಾಗುವುದೇ ಅವರ ಬೇಸ್‌ನಿಂದ. 1967ರಲ್ಲಿ ಸ್ಟೀವಿ ವಂಡರ್ ಹಾಡಿದ ‘ಐ ವಾಸ್ ಮೇಡ್ ಟು ಲವ್ ಹರ್’ ಮತ್ತು ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’ ಗೀತೆಗಳಲ್ಲಿ ಬೇಸ್ ಹಾಡಿಗೆ ಸಮನಾಗಿ ಮಾತಾಡುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮ್ಮ ಮೇಲೆ ಪ್ರಭಾವ ಬೀರಿದವರಲ್ಲಿ ಜೇಮರ್ಸನ್ ಹೆಸರನ್ನು ಹೇಳಿದ್ದಾರೆ.

ಇಷ್ಟಕ್ಕೂ ಅವರ ಬಲಗೈಯಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ ಬೆರಳು, ತೋರುಬೆರಳು. ಸಹವಾದಕರು ಅದನ್ನು ‘ಕೊಕ್ಕೆ’ ಎಂದು ಕರೆಯುತ್ತಿದ್ದರು. ವಾದ್ಯ 1962ರ ಮಾದರಿಯ ಪ್ರಿಸಿಷನ್ ಬೇಸ್. ತಂತಿಗಳು ಲಾ ಬೆಲ್ಲಾ ಕಂಪೆನಿಯ ದಪ್ಪ ತಂತಿಗಳು, ಅವುಗಳ ಮೇಲಿನ ಸುತ್ತು ಚಪ್ಪಟೆಯಾದ್ದರಿಂದ ಮುಟ್ಟಿದರೆ ನಯ, ದನಿ ಗುಂಡಗೆ. ಸೇತುವೆಯ ಬಳಿ ತಂತಿಗೆ ತಾಗುವಂತೆ ಒಂದು ತುಂಡು ಫೋಮ್, ನಾದ ಹೆಚ್ಚು ಹೊತ್ತು ಎಳೆಯದಿರಲೆಂದು. ತಂತಿ ತುಂಡಾಗದ ಹೊರತು ಬದಲಿಸುವ ಪದ್ಧತಿಯೇ ಅವರಲ್ಲಿರಲಿಲ್ಲ. ಸ್ಟುಡಿಯೋದಲ್ಲಿ ವಾದ್ಯದ ವೈರು ನೇರವಾಗಿ ಧ್ವನಿಮುದ್ರಣದ ಮೇಜಿಗೆ ಹೋಗುತ್ತಿತ್ತು. ಕ್ಲಬ್ಬುಗಳಲ್ಲಿ ಆಂಪೆಗ್ ಬಿ-15 ಎಂಬ ಆಂಪ್ಲಿಫಯರ್. ಸಾಗಿಸುವಾಗ ಅದರ ಮೇಲ್ಭಾಗವನ್ನು ಮಗುಚಿ ಪೆಟ್ಟಿಗೆಯೊಳಗೇ ಇಡಬಹುದಿತ್ತು. ರಾತ್ರಿ ಕಾರ್ಯಕ್ರಮ ಮುಗಿಸಿ ಸ್ವಂತ ಹೆಗಲ ಮೇಲೆ ಸಾಮಾನು ಹೊರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಅಚ್ಚಾಗದ ಹೆಸರು

ಹಗಲೆಲ್ಲ ಸ್ಟುಡಿಯೋ, ರಾತ್ರಿ ಕ್ಲಬ್ಬು. ಆರಂಭದ ದಿನಗಳಲ್ಲಿ ಹಾಡೊಂದಕ್ಕೆ 10 ಡಾಲರ್ ಸಿಗುತ್ತಿತ್ತು ಎಂದು ತಂಡದವರು ನೆನೆದಿದ್ದಾರೆ. ಮುಂದೆ ವಾರದ ಸಂಬಳ ಬಂತು, ಅದೂ ಏರಿತು. ಆದರೆ ಕೂಲಿಗೆ ನುಡಿಸುವವರಿಗೆ ಗೌರವಧನದ ಪಾಲು ಇರುವುದಿಲ್ಲ. ಹಾಡು ಹತ್ತು ಪ್ರತಿ ಮಾರಿದರೂ ಹತ್ತು ಲಕ್ಷ ಮಾರಿದರೂ ಕೂಲಿ ಅಷ್ಟೇ. ಸಂಪಾದನೆ ಹೆಚ್ಚಿಸಿಕೊಳ್ಳಲು ತಂಡದವರು ಕಂಪೆನಿಯ ಕಣ್ತಪ್ಪಿಸಿ ಬೇರೆಡೆ ನುಡಿಸಿ ಬರುತ್ತಿದ್ದರು. 1967ರ ಜಾಕಿ ವಿಲ್ಸನ್ ಅವರ ‘ಹೈಯರ್ ಅಂಡ್ ಹೈಯರ್’ ಗೀತೆಯ ಹಿಮ್ಮೇಳ ಹೀಗೆಯೇ ಶಿಕಾಗೋದಲ್ಲಿ ಮುದ್ರಣಗೊಂಡಿತು.

ದುಡ್ಡಿಗಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಮೋಟೌನ್ ತಟ್ಟೆಗಳ ಲಕೋಟೆಗಳ ಮೇಲೆ ವಾದಕರ ಹೆಸರೇ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂದಾಗ ಈ ಪದ್ಧತಿ ಮುರಿಯಿತು. ಲಕೋಟೆಯ ಮೇಲೆ ವಾದಕರ ಪಟ್ಟಿ ಬಂತು. ಜೇಮರ್ಸನ್ ಹೆಸರಿನ ಹಿಂದೆ ‘ಸಾಟಿಯಿಲ್ಲದ’ ಎಂಬ ವಿಶೇಷಣವೂ ಇತ್ತು. ಹನ್ನೆರಡು ವರ್ಷ ನುಡಿಸಿದ ಮೇಲೆ!

ಮರುವರ್ಷ, 1972ರಲ್ಲಿ, ಕಂಪೆನಿ ಲಾಸ್ ಏಂಜಲೀಸ್‌ಗೆ ವಲಸೆ ಹೋಯಿತು. ಡೆಟ್ರಾಯಿಟ್‌ನ ವಾದಕರ ಕೆಲಸ ನಿಂತಿತು. ಜೇಮರ್ಸನ್ ಹಿಂದೆಯೇ ಹೋದರು. ಅಲ್ಲಿ ಕಾಲ ಬದಲಾಗಿತ್ತು. ಹೊಸ ತಂತಿಯ ಝಣತ್ಕಾರ, ಬರೆದುಕೊಟ್ಟದ್ದನ್ನು ಹಾಗೆಯೇ ಮತ್ತೆ ಮತ್ತೆ ನುಡಿಸುವ ಶಿಸ್ತು ಬೇಕಾಗಿತ್ತು. ಹಳೆಯ ತಂತಿ, ಹಳೆಯ ಬೆರಳು ಬಿಡಲು ಅವರು ಒಪ್ಪಲಿಲ್ಲ. ಮೊದಲಿನಿಂದಲೂ ಇದ್ದ ಕುಡಿತ ಹೆಚ್ಚಿತು, ಕರೆಗಳು ಕಡಿಮೆಯಾದವು. ಅವರ ಅವನತಿಗೆ ಕಂಪೆನಿಯೊಂದನ್ನೇ ದೂರುವುದು ಸರಿಯಾಗದು. ಆದರೆ ಹೆಸರಿಲ್ಲದ ದುಡಿಮೆ ಊರು ಬಿಟ್ಟರೆ ಜೊತೆಗೆ ಬರುವುದಿಲ್ಲ ಎಂಬುದೂ ನಿಜ.

1983ರಲ್ಲಿ ಮೋಟೌನ್‌ನ 25 ವರ್ಷಗಳ ಸಂಭ್ರಮ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆಯಿತು. ಮೈಕೇಲ್ ಜಾಕ್ಸನ್ ತಮ್ಮ ಪ್ರಸಿದ್ಧ ‘ಮೂನ್‌ವಾಕ್’ ಹೆಜ್ಜೆಯನ್ನು ಟಿ.ವಿ. ವೀಕ್ಷಕರಿಗೆ ಮೊದಲು ತೋರಿಸಿದ್ದು ಅಲ್ಲಿಯೇ. ಆ ವೇದಿಕೆಗೆ ಜೇಮರ್ಸನ್ ಅವರಿಗೆ ಕರೆ ಇರಲಿಲ್ಲ. ಅವರು ಟಿಕೆಟ್ ಪಡೆದು ಪ್ರೇಕ್ಷಕರ ನಡುವೆ ಕುಳಿತಿದ್ದರು ಎಂದು ಅವರನ್ನು ಕುರಿತು ಬರೆದವರು ದಾಖಲಿಸಿದ್ದಾರೆ. ಅದೇ ವರ್ಷ ಆಗಸ್ಟ್ 2ರಂದು, 47ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಅವರ ಬೇಸ್ ಕಳುವಾಯಿತು. 1972ರಲ್ಲಿ ಲಂಡನ್‌ನಲ್ಲಿ ಕಳುವಾಗಿದ್ದ ಮೆಕಾರ್ಟ್ನಿಯವರ ಬೇಸ್, ಅಭಿಮಾನಿಗಳ ಹುಡುಕಾಟದಿಂದ ಐವತ್ತು ವರ್ಷಗಳ ಮೇಲೆ ಪತ್ತೆಯಾದದ್ದು 2024ರಲ್ಲಿ ಪ್ರಕಟವಾಯಿತು. ಜೇಮರ್ಸನ್ ಅವರ ಬೇಸ್ ಸಿಕ್ಕಿದ ಸುದ್ದಿಯಿಲ್ಲ.

ಹೆಸರು ಬಂದದ್ದು ತಡವಾಗಿ. 1989ರಲ್ಲಿ ಅಲನ್ ಸ್ಲಟ್‌ಸ್ಕಿ ಅವರ ಬಗ್ಗೆ ಪುಸ್ತಕ ಬರೆದರು, ಅವರ ವಾದನವನ್ನು ಸ್ವರಲಿಪಿಯಲ್ಲಿ ಕೊಟ್ಟರು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಿಮ್ಮೇಳದವರಿಗೆಂದೇ ಒಂದು ವಿಭಾಗ ತೆರೆದಾಗ ಮೊದಲ ತಂಡದಲ್ಲಿ ಅವರ ಹೆಸರಿತ್ತು. 2002ರಲ್ಲಿ ಫಂಕ್ ಬ್ರದರ್ಸ್ ಕುರಿತ ಸಾಕ್ಷ್ಯಚಿತ್ರ ಬಂತು. ಅಷ್ಟರಲ್ಲಿ ತಂಡದ ಹಲವರು ಕಾಲವಾಗಿದ್ದರು. ದಾಖಲೆ ಸರಿಯಾಗಿ ಇಲ್ಲದ್ದರಿಂದ ಇನ್ನೊಂದು ತೊಡಕೂ ಹುಟ್ಟಿತು. ಮೋಟೌನ್‌ನ ಕೆಲವು ಗೀತೆಗಳಿಗೆ ಬೇಸ್ ನುಡಿಸಿದ್ದು ತಾವು ಎಂದು ಲಾಸ್ ಏಂಜಲೀಸ್‌ನ ಹೆಸರಾಂತ ವಾದಕಿ ಕ್ಯಾರಲ್ ಕೇ ಹೇಳಿದರು, ಡೆಟ್ರಾಯಿಟ್‌ನವರು ಒಪ್ಪಲಿಲ್ಲ. ಲಕೋಟೆಯ ಮೇಲೆ ಒಂದು ಸಾಲು ಅಚ್ಚಾಗಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ನಮ್ಮಲ್ಲಿ

ಇದು ದೂರದ ಊರಿನ ಮಾತು ಎಂದು ಬಿಡುವಂತಿಲ್ಲ. ಇಳಯರಾಜಾ ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಗುನುಗದ ಕನ್ನಡಿಗರು ವಿರಳ. ಅವುಗಳಲ್ಲಿ ಬೇಸ್ ಗಿಟಾರ್ ಬರಿಯ ಊರುಗೋಲಲ್ಲ, ಪಲ್ಲವಿಗೆ ಎದುರಾಗಿ ತನ್ನದೇ ರಾಗ ಹೇಳುತ್ತದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಹೊದಿಕೆಯ ಮೇಲೆ ಚಿತ್ರ, ಗಾಯಕರು, ಗೀತರಚನಕಾರ, ಸಂಗೀತ ನಿರ್ದೇಶಕ ಇಷ್ಟೇ ಇರುತ್ತಿದ್ದುದು. ಬೇಸ್ ನುಡಿಸಿದವರ ಹೆಸರನ್ನು ಅದರ ಮೇಲೆ ಓದಿದ ನೆನಪು ಯಾರಿಗಿದೆ?

ಈ ವಿಷಯದಲ್ಲಿ ನಮ್ಮ ಯಕ್ಷಗಾನದವರು ಜಾಣರು. ಆಟದ ಕರಪತ್ರ ತೆಗೆದು ನೋಡಿ. ‘ಹಿಮ್ಮೇಳ’ ಎಂದು ಬರೆದು ಭಾಗವತರು, ಮದ್ದಳೆಯವರು, ಚೆಂಡೆಯವರ ಹೆಸರು ಹಾಕಿ ಬಳಿಕವೇ ‘ಮುಮ್ಮೇಳ’ ಎಂದು ವೇಷಧಾರಿಗಳ ಹೆಸರು ಹಾಕುವುದು ವಾಡಿಕೆ. ಮದ್ದಳೆ ಕೇಳಲೆಂದೇ ಆಟಕ್ಕೆ ಹೋಗುವವರು ಕರಾವಳಿಯಲ್ಲಿದ್ದಾರೆ. ಹೆಸರು ಗೊತ್ತಿದ್ದಾಗ ಕಿವಿಯೂ ಆ ಕಡೆ ತಿರುಗುತ್ತದೆ.

ಕಡೆಯದಾಗಿ ಒಂದು ಕೋರಿಕೆ. ಮನೆಗೆ ಹೋದ ಮೇಲೆ ನಿಮಗೆ ಬಾಯಿಪಾಠವಾಗಿರುವ ಯಾವುದಾದರೂ ಚಿತ್ರಗೀತೆಯನ್ನು ಹಾಕಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರ್ ಸಾಲದು, ತಗ್ಗಿನ ಸ್ವರ ಅದರಲ್ಲಿ ಸರಿಯಾಗಿ ಹೊಮ್ಮುವುದಿಲ್ಲ, ಇಯರ್‌ಫೋನ್ ಇರಲಿ. ಮೊದಲ ಸಲ ಹಾಡುವವರನ್ನು ಕೇಳಿ. ಎರಡನೆಯ ಸಲ ಅವರನ್ನು ಅವರ ಪಾಡಿಗೆ ಬಿಟ್ಟು ಕೆಳಗಿನ ದನಿಯನ್ನೇ ಹಿಡಿದು ಹಾಡು ಮುಗಿಯುವವರೆಗೂ ಹೋಗಿ. ಆಮೇಲೆ ಅದನ್ನು ನುಡಿಸಿದವರು ಯಾರು ಎಂದು ವಿಚಾರಿಸಿ. ಉತ್ತರ ಕೂಡಲೇ ಸಿಗಲಿಕ್ಕಿಲ್ಲ. ಕೇಳುವವರು ಹೆಚ್ಚಿದರೆ ಹಾಡು ತಯಾರಿಸುವವರು ಆ ಸಾಲನ್ನೂ ಸೇರಿಸಿಯಾರು.