ನಿಕಾಹ್‌ಗೆ ಮುಂಚೆ ಕೇಳಬೇಕಿದ್ದ ಪ್ರಶ್ನೆ

(ಜುಮಾ ಖುತ್ಬಾದ ಸಾರಾಂಶ)



ಕಳೆದ ವಾರ ಇಶಾ ನಮಾಝಿನ ನಂತರ ನಮ್ಮ ಜಮಾಅತಿನ ಒಬ್ಬ ತಂದೆ ಬಂದರು. ಅವರ ಮಗುವಿಗೆ ಥಲಸೇಮಿಯ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. "ಉಸ್ತಾದ್, ಜೀನ್ ತಿದ್ದುವ ಚಿಕಿತ್ಸೆ ಬಂದಿದೆಯಂತೆ. ಹಲಾಲೋ ಹರಾಮೋ?" ಎಂದು ಕೇಳಿದರು.

ಚಿಕಿತ್ಸೆ ಬಂದಿರುವುದು ನಿಜ. 2023ರ ನವೆಂಬರಿನಲ್ಲಿ ಬ್ರಿಟನ್ ಅದಕ್ಕೆ ಅನುಮತಿ ನೀಡಿತು. ರೋಗಿಯದೇ ರಕ್ತ ತಯಾರಿಸುವ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ತಂತ್ರದಿಂದ ತಿದ್ದಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಬದಲಾವಣೆ ಆ ರೋಗಿಯಲ್ಲೇ ಉಳಿಯುತ್ತದೆ, ಸಂತಾನಕ್ಕೆ ಇಳಿಯುವುದಿಲ್ಲ. ಹಾಗಾದರೆ ಇದು ಮದ್ದೇ. ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಕ್ಕಾದ ಫಿಕ್ಹ್ ಪರಿಷತ್ತು 1998ರಲ್ಲೇ ಚಿಕಿತ್ಸೆಗಾಗಿ ಇದನ್ನು ಬಳಸಬಹುದೆಂದಿತು. ವಂಶ ಸುಧಾರಣೆಯ ಹೆಸರಿನಲ್ಲಿ ಮನುಷ್ಯನ ಜೀನುಗಳೊಂದಿಗೆ ಆಟವಾಡಕೂಡದು ಎಂದೂ ಹೇಳಿತು.

ಆ ಆಟ ನಡೆದೇಬಿಟ್ಟಿತು. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ, ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದರು. ಎಚ್‌ಐವಿ ತಗಲದಿರಲಿ ಎಂಬುದು ಅವರ ಸಮರ್ಥನೆ. ಅದಕ್ಕೆ ಬೇರೆ ಸುರಕ್ಷಿತ ದಾರಿಗಳಿದ್ದವು. ಭ್ರೂಣದಲ್ಲಿ ತಿದ್ದಿದ್ದು ಮಕ್ಕಳು ಮೊಮ್ಮಕ್ಕಳಿಗೂ ಹೋಗಬಹುದು. ಅವರೆಲ್ಲರ ಒಪ್ಪಿಗೆ ಪಡೆದವರು ಯಾರು? ನ್ಯಾಯಾಲಯ ಅವರಿಗೆ 3 ವರ್ಷ ಜೈಲು ವಿಧಿಸಿತು. ಅಲ್ಲಾಹನ ಸೃಷ್ಟಿಯನ್ನು ಬದಲಿಸಲು ಶೈತಾನನು ಪ್ರೇರೇಪಿಸುವ ಬಗ್ಗೆ ಕುರ್‌ಆನ್ (4:119) ನೀಡುವ ಎಚ್ಚರಿಕೆ ಇಂಥಲ್ಲಿ ನೆನಪಾಗಬೇಕು.

ಆ ತಂದೆಗೆ ನಾವು "ಹಲಾಲ್" ಎಂದೆವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಆಟೋ ಓಡಿಸುವ ಅವರಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಅವರ ನಿಕಾಹ್ ನೆರವೇರಿಸಿದ್ದು ನಾವೇ. ಹುಡುಗಿ ಅವರ ಮಾವನ ಮಗಳು. ಮಹರ್ ಎಷ್ಟು, ಸಾಕ್ಷಿಗಳು ಯಾರು ಎಂದೆಲ್ಲ ಕೇಳಿದೆವು. ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಲಿಲ್ಲ. ದಂಪತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಸಣ್ಣ ಪರೀಕ್ಷೆಯಿಂದ ಅದು ತಿಳಿಯುತ್ತಿತ್ತು. ಸೌದಿಯಲ್ಲಿ 2004ರಿಂದ ಮದುವೆಗೆ ಮುಂಚೆ ಇದು ಕಡ್ಡಾಯ.

"ಎಲ್ಲಾ ತಕ್ದೀರ್ ಅಲ್ಲವೇ" ಎನ್ನುವವರಿದ್ದಾರೆ. ಶಾಮ್‌ನಲ್ಲಿ ಪ್ಲೇಗ್ ಇದೆಯೆಂದು ಕೇಳಿ ಖಲೀಫಾ ಉಮರ್(ರ) ಸರ್ಗ್‌ನಿಂದಲೇ ಹಿಂದಿರುಗಿದರು. ಅವರಿಗಿಂತ ದೊಡ್ಡ ತವಕ್ಕುಲ್ ನಮ್ಮದೇ?

ಇನ್ನು ಮುಂದೆ ನಮ್ಮ ಮಸೀದಿಯಲ್ಲಿ ನಿಕಾಹ್ ನಿಶ್ಚಯಿಸುವ ಮೊದಲು ಈ ಪರೀಕ್ಷೆಯ ಬಗ್ಗೆ ಕೇಳುತ್ತೇವೆ. ವರದಿ ಎರಡು ಮನೆಗಳಲ್ಲೇ ಇರಲಿ. ವಾಹಕರು ರೋಗಿಗಳಲ್ಲ, ವಾಹಕರಲ್ಲದವರನ್ನು ನಿರಾತಂಕವಾಗಿ ಮದುವೆಯಾಗಬಹುದು. ಇದನ್ನು ನೆಪ ಮಾಡಿ ಯಾರದೇ ಮಗಳ ಹೆಸರು ಕೆಡಿಸಿದರೆ ಅದು ಗೀಬತ್.

ಆ ಮಗುವಿಗೆ ಸೋಮವಾರ ಮತ್ತೆ ರಕ್ತ ಬೇಕು. ಬಿ ಪಾಸಿಟಿವ್ ಇರುವವರು ನಮಾಝಿನ ನಂತರ ಸ್ವಲ್ಪ ನಿಲ್ಲಿ.