ರಸಮೇವು: ಫೋನಿನಲ್ಲಿ ಪಾಠ, ಗುಂಡಿಯಲ್ಲಿ ಕೆಲಸ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಮೇವಿನ ಗುಂಡಿಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. 2023ರ ಬರವನ್ನು ಯಾರೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ಅಂಥ ವರ್ಷ ಮೊದಲು ಖಾಲಿಯಾಗುವುದು ಒಂದೇ ಹಸು ಕಟ್ಟಿದವರ ಕೊಟ್ಟಿಗೆ. ಮೇವಿಗೆ ದುಡ್ಡು ಹೊಂದಿಸಲಾರದೆ ಹಸುವನ್ನು ಸಂತೆಗೆ ಹೊಡೆದವರು ಮತ್ತೆ ಕಟ್ಟುವುದು ಸುಲಭವಲ್ಲ. ಅದಕ್ಕೇ ಈ ಮಾತು.

ಹಸಿಮೇವನ್ನು ಗಾಳಿಯಾಡದಂತೆ ಹುದುಗಿಸಿಟ್ಟರೆ ರಸಮೇವು. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಹಾಲು ಮೊಸರಾಗುವುದೂ ಇಂಥದ್ದೇ ಕೆಲಸ. ಮೇವಿನಲ್ಲಿರುವ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಏರಿ ಪಿ.ಎಚ್. 4ರ ಆಸುಪಾಸಿಗೆ ಇಳಿದರೆ ಕೊಳೆಸುವ ಜೀವಿಗಳು ತಲೆ ಎತ್ತುವುದಿಲ್ಲ. ಗಾಳಿ ಹೊಕ್ಕಿತೋ, ಕೆಟ್ಟಿತು.

2020ರ ಲಾಕ್‌ಡೌನ್ ಬಂದಾಗ ಎಷ್ಟೋ ತರಬೇತಿಗಳು ಫೋನಿಗೆ ಬಂದವು. ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ. ಮೂರು ದಿನ ತರಬೇತಿಗೆ ಬನ್ನಿ ಎಂದರೆ ಎರಡು ಹೊತ್ತು ಹಾಲು ಕರೆಯುವ ತಾಯಿ ಹೋಗುವುದಾದರೂ ಹೇಗೆ? ಫೋನಿನ ಪಾಠವನ್ನು ರಾತ್ರಿ ಊಟವಾದ ಮೇಲೆ ನೋಡಬಹುದು, ತಿಳಿಯದಿದ್ದರೆ ಮತ್ತೆ ಹಾಕಿ ನೋಡಬಹುದು. ಆದರೆ ಫೋನು ಇರುವುದು ಮಗನ ಜೇಬಿನಲ್ಲಿ, ಮೇವು ಹಾಕುವವರು ತಾಯಿ! ಪಾಠ ಒಬ್ಬರಿಗೆ, ಕೆಲಸ ಇನ್ನೊಬ್ಬರಿಗೆ ಆದರೆ ಏನು ಬಂತು? ಸಂಘದ ಕಟ್ಟಡದಲ್ಲೇ ಹತ್ತು ಮಂದಿ ಕೂತು ಒಟ್ಟಿಗೆ ನೋಡುವುದು ಲೇಸು.

ಇನ್ನು ಕೆಲವನ್ನು ಫೋನು ಹೇಳೀತು, ಕೈಗೆ ಕೊಡಲಾರದು. ಮುಸುಕಿನ ಜೋಳವನ್ನು ಕಾಳು ಹಾಲು ತುಂಬಿ ಹಿಟ್ಟುಗಟ್ಟುವ ಹೊತ್ತಿಗೆ ಕೊಯ್ದು, ಒಂದೆರಡು ಸೆಂಟಿಮೀಟರಿಗೆ ಕತ್ತರಿಸಿ, ಒಂದು ಹಿಡಿ ಗಟ್ಟಿಯಾಗಿ ಹಿಂಡಬೇಕು. ನೀರು ತೊಟ್ಟಿಕ್ಕಿದರೆ ಹಸಿ ಜಾಸ್ತಿ, ಬಾಡಿಸಬೇಕು. ಕೈ ಬಿಟ್ಟ ಕೂಡಲೇ ಉದುರಿದರೆ ಒಣಗಿಹೋಗಿದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ವಾಸನೆಯೂ ಹಾಗೇ. ಹಣ್ಣಿನಂಥ ಹುಳಿವಾಸನೆ ಬಂದರೆ ಒಳ್ಳೆಯದು. ಕೆಟ್ಟ ಬೆಣ್ಣೆಯ ನಾತ ಬಂದರೆ ಹಾಳು. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕಲೇಬೇಡಿ, ತಿಪ್ಪೆಗೆ ಹಾಕಿ. ಆದ್ದರಿಂದ ಮೊದಲ ಗುಂಡಿಯನ್ನು ಒಬ್ಬರ ಹಿತ್ತಿಲಲ್ಲಿ ಎಲ್ಲರೂ ಸೇರಿ ತುಂಬೋಣ, ಎಲ್ಲರೂ ಸೇರಿಯೇ ತೆರೆಯೋಣ.

ಜಾಗವಿಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲದಲ್ಲೂ ಮಾಡಬಹುದು. ಅದುಮಿ ಅದುಮಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಇಲಿ ಕಡಿಯದಂತೆ ನೋಡಿಕೊಳ್ಳಬೇಕು. 45 ದಿನ ಮುಟ್ಟಬಾರದು. ತೆರೆದ ಮೇಲೆ ದಿನಕ್ಕೆ ಬೇಕಾದಷ್ಟೇ ತೆಗೆದು ಮತ್ತೆ ಮುಚ್ಚಿ. ಹಸುವಿಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಹಾಲು ಕರೆದಾದ ಮೇಲೆ ಹಾಕಿದರೆ ಹಾಲಿಗೆ ವಾಸನೆ ಹತ್ತುವುದಿಲ್ಲ. ಅಲಸಂದೆ ಒಂದನ್ನೇ ತುಂಬಬೇಡಿ. ಸಕ್ಕರೆ ಸಾಲದೆ ಹುಳಿ ಏಳದು, ಜೋಳದ ಜೊತೆ ಬೆರೆಸಿ.

ಕೊನೆಗೊಂದು ಕೋರಿಕೆ. ಒಂದು ಹಸುವಿನವರಿಗೆ ಮೇವು ಕತ್ತರಿಸುವ ಯಂತ್ರ ಕೊಳ್ಳುವ ಶಕ್ತಿ ಎಲ್ಲಿ? ಸಂಘವೇ ಒಂದು ಯಂತ್ರ ಕೊಂಡು, ಕಡಿಮೆ ಬಾಡಿಗೆಗೆ, ಸಣ್ಣವರಿಗೆ ಮೊದಲು ಎಂಬ ಸರದಿಯಲ್ಲಿ ಕೊಡಲಿ. ಮುಂದಿನ ಮಹಾಸಭೆಗೆ ಇದನ್ನು ವಿಷಯಪಟ್ಟಿಯಲ್ಲಿ ಸೇರಿಸಬೇಕೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇವೆ.