ಹದಿನೆಂಟು ದಾಟಿದವರ ಪಾಟಿ
(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಸ್ವಯಂಸೇವಕ ಶಿಕ್ಷಕಿಯೊಬ್ಬರು ಆಡಿದ ಮಾತು)

 

ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ವಿದ್ಯಾರ್ಥಿಗಳ ಹೆಸರು ಕರೆಯುತ್ತಾರೆ. ಆ ಪಟ್ಟಿಯಲ್ಲಿ ಎಂದೂ ಬಾರದವರ ಬಗ್ಗೆ ಎರಡು ಮಾತು ಹೇಳುತ್ತೇನೆ. ಬುದ್ಧಿ ಬೆಳವಣಿಗೆ ನಿಧಾನವಾಗಿ, ವಯಸ್ಸು ಮಾತ್ರ ದಾಟುತ್ತಾ ಹೋದ ಅಣ್ಣಂದಿರು, ಅಕ್ಕಂದಿರು ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ.

ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ವಯಸ್ಕರ ಶಿಕ್ಷಣದಲ್ಲೂ ಅವರು ಎಲ್ಲರಂತೆ ಪಾಲ್ಗೊಳ್ಳಬೇಕು ಎನ್ನುತ್ತದೆ ಅದೇ ಕಾಯ್ದೆಯ 18ನೇ ಕಲಂ. 15 ವರ್ಷ ಮೇಲ್ಪಟ್ಟವರಿಗಾಗಿ 2022ರಲ್ಲಿ ಆರಂಭವಾದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ ನಂಬಿರುವುದೂ ಸ್ವಯಂಸೇವಕರನ್ನೇ. ಕಾನೂನು ಇದೆ; ಪಕ್ಕದಲ್ಲಿ ಕೂತು ಕಲಿಸುವವರು ಬೇಕು.

ನನ್ನ ಬಳಿ ಕಲಿಯುವ ಒಬ್ಬರಿಗೆ ಮೂವತ್ತು ದಾಟಿದೆ. ಮನೆಮಾತು ದಖನಿ, ಊರಿನ ಬೋರ್ಡುಗಳು ಕನ್ನಡ. ಅ, ಆ, ಇ, ಈ ಎಂದು ಶುರುಮಾಡಿ ಮೂರು ತಿಂಗಳು ಕಳೆದೆ, ‘ಈ’ ದಾಟಲಿಲ್ಲ. ತಪ್ಪು ನನ್ನದು. ಆಮೇಲೆ ಅವರ ಹೆಸರು, ಅಮ್ಮಿಯ ಹೆಸರು, ಬಸ್ಸಿನ ಬೋರ್ಡು ಹಿಡಿದೆ. ‘ಹಂಪಿ’ ಎರಡೇ ಅಕ್ಷರ. ಇಡೀ ಪದವನ್ನು ಚಿತ್ರದಂತೆ ಗುರುತಿಸಿದರು. ‘ಸಂಡೂರು’, ‘ಹೊಸಪೇಟೆ’ ಬಂದವು. ‘ಕಂಪ್ಲಿ’ಯ ಒತ್ತಕ್ಷರ ತುಂಬಾ ಸತಾಯಿಸಿತು. ಹಾಲಿನ ಪ್ಯಾಕೆಟ್ ಹಿಡಿದು, ನಾವು ‘ದೂಧ್’ ಎನ್ನುವುದು ಇಲ್ಲಿ ‘ಹಾಲು’ ಎಂದು ಬರೆದಿದೆ ಎಂದು ತೋರಿಸುತ್ತೇನೆ. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಶಿಶುಗೀತೆ ಹೇಳಿಸುವುದಿಲ್ಲ, ‘ಭಾಯಿ’ ಎಂದೇ ಕರೆಯುತ್ತೇನೆ.

ಎಲ್ಲರಿಗೂ ಅಕ್ಷರ ಬರುತ್ತದೆ ಎಂದು ನಾನು ಹೇಳಲಾರೆ. ಕೆಲವರು ಹತ್ತರ ನೋಟು, ನೂರರ ನೋಟು ಗುರುತಿಸುವಲ್ಲಿಗೆ ನಿಲ್ಲುತ್ತಾರೆ. ಅದೂ ಕಲಿಕೆಯೇ.

ಹೆಬ್ಬೆಟ್ಟು ಒತ್ತುತ್ತಿದ್ದ ಜಾಗದಲ್ಲಿ ಅವರು ಮೊನ್ನೆ ಹೆಸರು ಬರೆದರು. ಅಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ‘ನಾನು ಹೋದ ಮೇಲೆ ಇವನ ಗತಿಯೇನು’ ಎಂಬುದು ಆ ತಾಯಿಯ ಚಿಂತೆ. ಅಕ್ಷರ ಆ ಚಿಂತೆಯನ್ನು ತೀರಿಸದು. ಆದರೆ ತಪ್ಪು ಬಸ್ಸು ಹತ್ತದಂತೆ, ಏನೆಂದು ತಿಳಿಯದ ಕಾಗದಕ್ಕೆ ಗುರುತು ಹಾಕದಂತೆ ಒಂದಿಷ್ಟು ಕಾಯುತ್ತದೆ.

ಕಲಿಯಲು ಬಂದ ಅಂಧರೊಬ್ಬರತ್ತ, ಮುಖಂಡರೊಡನೆ ಮಾತಿನಲ್ಲಿದ್ದ ಕಾರಣ ಗಮನ ಕೊಡದಿದ್ದಾಗ, ಪ್ರವಾದಿ(ಸ)ರಿಗೇ ತಿದ್ದುವ ವಚನ ಬಂತೆಂಬುದು ‘ಅಬಸ’ ಅಧ್ಯಾಯದ ಹಿನ್ನೆಲೆ. ನಾವು ಎಷ್ಟು ಜನರನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸಿದ್ದೇವೆ?

ಪೋಷಕರೇ, ಅಂಥವರು ಮನೆಯಲ್ಲಿದ್ದರೆ ಮುಚ್ಚಿಡಬೇಡಿ. ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ದಾನಿಗಳೇ, ನಮಗೆ ಬೇಕಿರುವುದು ಪಾಟಿ, ದಪ್ಪಕ್ಷರದ ಕಾರ್ಡು, ಆಟೋ ಬಾಡಿಗೆ. ಇಂದು ವೇತನ ಪಡೆಯುವ ಮಕ್ಕಳೇ, ನಿಮ್ಮ ಓದಿನಲ್ಲಿ ದಿನಕ್ಕೆ ಅರ್ಧ ಗಂಟೆಯನ್ನು ಮನೆಯ ಆ ಅಣ್ಣನಿಗೆ, ಆ ಅಕ್ಕನಿಗೆ ಕೊಡಿ. ಮೊದಲು ಅವರ ಹೆಸರಿನಿಂದಲೇ ಶುರುಮಾಡಿ.